ಅಣ್ಣನ ಹೆಸರಿನ ಹಡಗು

"ಈ ದರಿದ್ರ ಓಡೆಗಾರ್ಡ್ ಮತ್ತೆ ಸೋರ್ತಾ ಇದೆ ಕಣ್ರೋ" ಎಂದು ಇಂಜಿನ್ ಕೋಣೆಯವರು ಬೈಯುವಾಗ, "ಓಡೆಗಾರ್ಡ್‌ಗಿಂತ ನಮ್ಮೂರ ಹಂದಿದೊಡ್ಡಿ ಮೇಲು" ಎಂದು ಡೆಕ್ಕಿನವರು ಉಗಿಯುವಾಗ, ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಸೆಲ್ಮರ್ ಓಡೆಗಾರ್ಡ್ ಮೊದಮೊದಲು ತನ್ನನ್ನೇ ಅಂದರೆಂದು ತಿರುಗಿ ನೋಡುತ್ತಿದ್ದ. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾದ ಮೇಲೆ ಅದರಲ್ಲೊಂದು ಸುಖವೂ ಸಿಕ್ಕಿತು. ಅಣ್ಣ ಆರ್ವಿಡ್‌ನನ್ನು ಇಷ್ಟು ಜನ ಹೀಗೆ ಬಾಯಿತುಂಬ ಬೈದದ್ದನ್ನು ಅವನು ಬದುಕಿದ್ದಾಗ ಸೆಲ್ಮರ್ ಒಮ್ಮೆಯೂ ಕೇಳಿರಲಿಲ್ಲ.

ಓಡೆಗಾರ್ಡ್ ಅಮೆರಿಕದ ನೌಕಾಪಡೆಯ ಬೆಂಗಾವಲು ಹಡಗು. ಸರಕು ಹಡಗುಗಳ ದಂಡು ಅಟ್ಲಾಂಟಿಕ್ ದಾಟುವಾಗ, ಕುರಿಮಂದೆಯ ಸುತ್ತ ನಾಯಿ ಓಡುವಂತೆ ಓಡಿ, ಜರ್ಮನರ ಸಬ್‌ಮರೀನುಗಳನ್ನು ಬೆದರಿಸಿ ಅಟ್ಟುವುದು ಅದರ ಕೆಲಸ. ನಲವತ್ತಮೂರನೇ ಇಸವಿಯಲ್ಲಿ ಇಂಥ ಹಡಗುಗಳನ್ನು ರೊಟ್ಟಿ ತಟ್ಟಿದ ಹಾಗೆ ತಟ್ಟಿ ನೀರಿಗೆ ಇಳಿಸುತ್ತಿದ್ದರು. ಒಂದೊಂದಕ್ಕೂ ಯುದ್ಧದಲ್ಲಿ ಸತ್ತ ಒಬ್ಬೊಬ್ಬನ ಹೆಸರು. ಹೆಸರಿಗೇನೂ ಬರವಿರಲಿಲ್ಲ. ಹಿಂದಿನ ವರ್ಷದ ಕೊನೆಗೆ ಸಾಲೊಮನ್ ದ್ವೀಪಗಳ ಹತ್ತಿರ ಒಂದು ದೊಡ್ಡ ಯುದ್ಧನೌಕೆ ಹೊತ್ತಿ ಉರಿದಾಗ ಲೆಫ್ಟಿನೆಂಟ್ ಆರ್ವಿಡ್ ಓಡೆಗಾರ್ಡ್ ಅದರ ಹೊಟ್ಟೆಯೊಳಗಿದ್ದ. ಸರ್ಕಾರದ ಬಿನ್ನವತ್ತಳೆಯ ಪ್ರಕಾರ, ಉಳಿದವರೆಲ್ಲ ಮೇಲಕ್ಕೆ ಓಡುತ್ತಿದ್ದಾಗ ಅವನು ಕೆಳಗೇ ಉಳಿದು, ಮದ್ದುಗುಂಡಿನ ಕೋಣೆಗೆ ಸಮುದ್ರದ ನೀರು ಬಿಡುವ ಚಕ್ರವನ್ನು ಕೈಯಾರೆ ತಿರುಗಿಸಿ, ಹಡಗು ಸಿಡಿಯದಂತೆ ಕಾಪಾಡಿ, ತಾನು ಅಲ್ಲೇ ನೀರುಪಾಲಾದ. "ಕೊನೆಯ ಉಸಿರಿನವರೆಗೂ ಕರ್ತವ್ಯದಿಂದ ಕದಲದೆ" ಎಂಬ ಮಾತು ಅದರಲ್ಲಿತ್ತು.

ಸೆಲ್ಮರ್‌ಗೆ ನಗು ಬರುತ್ತಿದ್ದುದು ಆ ಮಾತಿಗೆ.

ಮಿನೆಸೋಟಾದ ಅವರ ಹೊಲಮನೆಯಲ್ಲಿ ಹಾಲು ಕರೆಯುವ ಹಸುಗಳು ಮೂವತ್ತು. ಅಪ್ಪ ಹೋದ ಮೇಲೆ ಅವುಗಳ ಕೆಳಗೆ ಕೂರಲು ಇದ್ದದ್ದು ಅಮ್ಮ, ಆರ್ವಿಡ್, ಸೆಲ್ಮರ್ ಮೂವರೇ. ಆರ್ವಿಡ್ ಎರಡು ಹಸು ಕರೆದು ಮೂರನೆಯದರ ಹತ್ತಿರ ಬಕೆಟ್ ಬಿಟ್ಟು ಏಳುತ್ತಿದ್ದ. ಒಂದು ದಿನ ಹೊಟ್ಟೆನೋವು, ಇನ್ನೊಂದು ದಿನ ಪರೀಕ್ಷೆ, ಮತ್ತೊಂದು ದಿನ ಚರ್ಚಿನ ಹಾಡಿನ ತಾಲೀಮು. ಹಾಡಲು ಬರುತ್ತಿತ್ತು, ನಗಲು ಬರುತ್ತಿತ್ತು, ನಕ್ಕರೆ ಊರಿನ ಮುದುಕಿಯರು ಕರಗುತ್ತಿದ್ದರು. ಸೆಲ್ಮರ್ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಕರುವನ್ನು, ಸೆಲ್ಮರ್ ಶಾಲೆಯಲ್ಲಿದ್ದ ಹೊತ್ತು ನೋಡಿ ಮಾರಿ, ಆರ್ವಿಡ್ ಕಾಲೇಜಿನ ಕುಣಿತಕ್ಕೆಂದು ಬೂಟು ಕೊಂಡಿದ್ದ. ಕೇಳಿದರೆ ಬೆನ್ನು ತಟ್ಟಿ, "ಅದಕ್ಕೇನೋ, ಇನ್ನೊಂದು ಹುಟ್ಟತ್ತೆ ಬಿಡೋ" ಎಂದಿದ್ದ. ನೌಕಾಪಡೆಯ ಬಿಳಿ ಉಡುಪಿನಲ್ಲಿ ರಜಕ್ಕೆ ಬಂದಾಗ ಮಧ್ಯಾಹ್ನದವರೆಗೆ ಮಲಗುತ್ತಿದ್ದ. ಅಮ್ಮ ರಾಗ್ನಾ ಕೊಟ್ಟಿಗೆಯ ಬೂಟು ಕಳಚಿಟ್ಟು ಅವನ ಕಾಫಿಯನ್ನು ಅಟ್ಟಕ್ಕೆ ಹೊತ್ತುಕೊಂಡು ಹೋಗುತ್ತಿದ್ದಳು. ಮೆಟ್ಟಿಲು ಕಿರುಗುಟ್ಟುವ ಆ ಸದ್ದು ಕೇಳಿದರೆ ಸೆಲ್ಮರ್‌ನ ಹಲ್ಲು ಕಟಕಟ ಎನ್ನುತ್ತಿತ್ತು.

ಅಂಥವನು ಕದಲದೆ ನಿಂತನಂತೆ. ಸತ್ತ ಹಸುವಿಗೆ ಹಾಲು ಹೆಚ್ಚು ಎನ್ನುವುದು ಸುಮ್ಮನೆ ಅಲ್ಲ.

ಹಡಗನ್ನು ನೀರಿಗಿಳಿಸುವ ದಿನ ಶಾಸ್ತ್ರಕ್ಕೆಂದು ಅದರ ಮೂತಿಗೆ ಹೆಂಡದ ಬಾಟಲಿ ಒಡೆಯಲು ರಾಗ್ನಾಳನ್ನು ಟೆಕ್ಸಸ್ಸಿಗೆ ಕರೆಸಿದ್ದರು. ಮೃದುವಾಗಿ ತಾಗಿಸಿದರೆ ಸಾಕು ಎಂದು ಹೇಳಿಕೊಟ್ಟರೂ ಅವಳು ಬೇಲಿಗೆ ಗೂಟ ಹೊಡೆಯುವಂತೆ ಬೀಸಿ, ಪಕ್ಕದಲ್ಲಿದ್ದ ದೊಡ್ಡ ಅಧಿಕಾರಿಯ ಹೆಂಡತಿಯ ಟೋಪಿಯನ್ನೂ ನೆನೆಸಿದಳು. ಆಗ ಸೆಲ್ಮರ್ ನೌಕಾಪಡೆಯ ಬ್ರೆಡ್ಡಿನ ಶಾಲೆಯಲ್ಲಿ ತರಬೇತಿಯಲ್ಲಿದ್ದ. ದಡದ ಮೇಲಿನ ಯಾವುದಾದರೂ ದೊಡ್ಡ ಬೇಕರಿ ಸಿಗಲಿ, ಅಣ್ಣನ ಹೆಸರು ಕೇಳದ ಜಾಗವಾಗಲಿ ಎಂಬುದು ಅವನ ಆಸೆ. ಒಂದು ತಿಂಗಳಲ್ಲಿ ಆಜ್ಞೆ ಬಂತು: ಓಡೆಗಾರ್ಡ್ ಹಡಗಿಗೆ ಹಾಜರಾಗತಕ್ಕದ್ದು. ಅಮ್ಮನೇ ಹೇಳಿ ಮಾಡಿಸಿದ್ದು ಎಂದು ತರಬೇತಿಯ ಅಧಿಕಾರಿ ಕಣ್ಣು ಒದ್ದೆ ಮಾಡಿಕೊಂಡು ತಿಳಿಸಿದ. ಸೆಲ್ಮರ್ ಅಂದಿನಿಂದ ಅಮ್ಮನಿಗೆ ಕಾಗದ ಬರೆಯುವುದನ್ನು ನಿಲ್ಲಿಸಿದ.

ಹಡಗಿನ ಕ್ಯಾಪ್ಟನ್ ಪ್ರೆಂಟಿಸ್ ವಾಡ್‌ಲೋ ಯುದ್ಧಕ್ಕೆ ಮುಂಚೆ ಒಹಾಯೋದಲ್ಲಿ ಸೋಫಾ, ಕುರ್ಚಿ ಮಾರುತ್ತಿದ್ದವನು. ಯುದ್ಧ ಮುಗಿದ ಮೇಲೆ ಚುನಾವಣೆಗೆ ನಿಲ್ಲುವವನು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಆದರೆ ಕೈ ಕುಲುಕುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಹಲ್ಲಿ ನೊಣ ಹಿಡಿದಂತೆ ಹಿಡಿದು ಬಿಡುತ್ತಲೇ ಇರಲಿಲ್ಲ. ಸತ್ತ ವೀರನ ತಮ್ಮನೇ ತನ್ನ ಹಡಗಿಗೆ ಬಂದದ್ದು ಅವನಿಗೆ ಲಾಟರಿ ಹೊಡೆದಂತಾಯಿತು. ಪ್ರತಿ ಬಂದರಿನಲ್ಲೂ ಹಡಗಿನ ಹುಡುಗರನ್ನು ಸಾಲು ನಿಲ್ಲಿಸಿ, ಪತ್ರಿಕೆಯವರು ಇದ್ದರೆ ಅವರನ್ನು ಮುಂದೆ ಕೂರಿಸಿ, ಸೆಲ್ಮರ್‌ನ ಕೈಗೆ ಬಿನ್ನವತ್ತಳೆ ಕೊಟ್ಟು ಓದಿಸುತ್ತಿದ್ದ. ಸೆಲ್ಮರ್ ಅದನ್ನು ಬೂಸಾ ಚೀಲದ ಮೇಲಿನ ಅಕ್ಷರ ಓದಿದಂತೆ ಓದುತ್ತಿದ್ದ. ಹುಡುಗರು ಅವನಿಗೆ 'ಪುಣ್ಯಾತ್ಮನ ತಮ್ಮ' ಎಂದು ಹೆಸರಿಟ್ಟರು.

"ಪುಣ್ಯಾತ್ಮನ ತಮ್ಮ, ಇವತ್ತಿನ ಬನ್ನು ಕಲ್ಲಾಗಿದೆಯಲ್ಲೋ."

"ಅಣ್ಣನ ಹಡಗಲ್ವಾ, ಗೋಡೆ ಕಟ್ಟೋಕೆ ಬೇಕಾಗತ್ತೆ ತಗೋ" ಎನ್ನುತ್ತಿದ್ದ ಸೆಲ್ಮರ್.

ಹಡಗಿನಲ್ಲಿ ಅವನು ಮಾತಾಡುತ್ತಿದ್ದ ಒಬ್ಬನೇ ಮನುಷ್ಯ ಎಂದರೆ ಹಿರಿಯ ಅಡುಗೆಯವ ಗಿಡ್ರಿ. ಲೂಯಿಸಿಯಾನದ ಜೌಗು ನಾಡಿನವನು, ದಪ್ಪ ಹೊಟ್ಟೆಯವನು, ಸಮುದ್ರವನ್ನೂ ಕ್ಯಾಪ್ಟನ್‌ನನ್ನೂ ಒಂದೇ ಸಮ ಲೆಕ್ಕಕ್ಕೆ ಇಡದವನು.

ನಲವತ್ತನಾಲ್ಕರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ, ಐರ್ಲೆಂಡಿನ ಕಡೆಗೆ ಹೋಗುತ್ತಿದ್ದ ದಂಡಿನ ಹಿಂದಿನ ಸಾಲಿನ ಸರಕು ಹಡಗೊಂದಕ್ಕೆ ಟಾರ್ಪಿಡೊ ಬಡಿಯಿತು. ಗಂಟೆ ಹೊಡೆದ ಕೂಡಲೆ ಅಡುಗೆಯವರೂ ಸಿಪಾಯಿಗಳೇ. ಸೆಲ್ಮರ್‌ನ ಜಾಗ ಹಡಗಿನ ಹಿಂಭಾಗ. ನೀರಿನೊಳಗೆ ಹೋಗಿ ಸಿಡಿಯುವ ಪೀಪಾಯಿ ಬಾಂಬುಗಳನ್ನು ಉರುಳಿಸುವ ಕೆಲಸ. ಹಡಗು ವೇಗ ಹಿಡಿದು ತಿರುಗಿತು. ಮುಳುಗುತ್ತಿದ್ದ ಹಡಗಿನ ಜನ ಬಲಗಡೆ ನೀರಿನಲ್ಲಿದ್ದರು. ತಲೆಗಳು ಅಲೆಯ ಜೊತೆ ಏಳುತ್ತಿದ್ದವು, ಇಳಿಯುತ್ತಿದ್ದವು. ಅವರಲ್ಲೊಬ್ಬ ಕೈ ಎತ್ತಿದ. ಗಡಿಬಿಡಿ ಇಲ್ಲದೆ, ಬಸ್ಸಿಗೆ ಕೈ ತೋರಿಸಿದ ಹಾಗೆ. ಓಡೆಗಾರ್ಡ್ ನಿಲ್ಲಲಿಲ್ಲ. ಬೇಟೆಗೆ ಹೋಗುವ ಹಡಗು ನಿಲ್ಲಬಾರದು, ನಿಂತರೆ ಅದೂ ಬೇಟೆಯಾಗುತ್ತದೆ. ಇದು ಸೆಲ್ಮರ್‌ಗೂ ಗೊತ್ತಿತ್ತು. ಹಡಗು ಎಬ್ಬಿಸಿದ ಅಲೆ ಆ ಮನುಷ್ಯನ ಮೇಲೆ ಹಾದುಹೋಯಿತು. ಆಮೇಲೆ ಆ ಕೈ ಕಾಣಲಿಲ್ಲ.

ಕತ್ತಲಾಗುವವರೆಗೂ ಬಾಂಬು ಉರುಳಿಸಿದ್ದೇ ಉರುಳಿಸಿದ್ದು. ಮೇಲೆ ಬಂದದ್ದು ಮೀನು. ಹೊಟ್ಟೆ ಮೇಲಾಗಿ, ಬೆಳ್ಳಗೆ, ಕಣ್ಣು ಹಾಯಿಸಿದಷ್ಟೂ ಕಾಡ್ ಮೀನು. ಹುಡುಗರು ಬಲೆ ಬಿಟ್ಟು ಬಾಚಿಕೊಂಡರು. ಹಿಂದೆ ಬಂದ ಇನ್ನೊಂದು ಪುಟ್ಟ ಹಡಗು, ನೀರಿನಲ್ಲಿ ಉಸಿರಿದ್ದವರನ್ನು ಎತ್ತಿಕೊಂಡಿತು ಎಂದು ಆಮೇಲೆ ತಿಳಿಯಿತು.

ಆ ರಾತ್ರಿ ಧ್ವನಿವರ್ಧಕದಲ್ಲಿ ಕ್ಯಾಪ್ಟನ್ ಮಾತಾಡಿದ. ನೀರಿನ ಮೇಲೆ ಎಣ್ಣೆ ಕಂಡಿದೆ, ಸಬ್‌ಮರೀನು ಮುಳುಗಿರುವುದರಲ್ಲಿ ಸಂಶಯವಿಲ್ಲ, ಈ ಹಡಗು ಹೊತ್ತ ಮಹಾನ್ ಹೆಸರಿಗೆ ಇಂದು ನಾವು ಯೋಗ್ಯರಾದೆವು, ಇತ್ಯಾದಿ. ನೀರಿನಲ್ಲಿದ್ದ ಜನದ ಬಗ್ಗೆ ಒಂದು ಮಾತಿಲ್ಲ.

"ಎಣ್ಣೆ ಅಂತೆ" ಎಂದ ಗಿಡ್ರಿ, ಮೀನು ಸೀಳುತ್ತ. "ಮಧ್ಯಾಹ್ನ ಹಂದಿ ಕರಿದ ಕೊಬ್ಬು ಎರಡು ಬಕೆಟ್ ಚೆಲ್ಲಿದ್ದೆ. ಪಾಪ, ಅದಕ್ಕೆ ನಂಗೊಂದು ಮೆಡಲ್ ಕೊಟ್ಟಾರು."

ಸೆಲ್ಮರ್ ನಗಲಿಲ್ಲ. "ನಿಲ್ಲಿಸ್ಬಾರ್ದು, ಸರಿ. ಆದ್ರೆ ಅವರ ಸುದ್ದಿ ಎತ್ತೋಕೇನು ಧಾಡಿ?"

"ಸೋಫಾ ಮಾರೋನು ಮುರಿದ ಕಾಲಿನ ಸುದ್ದಿ ಎತ್ತುತ್ತಾನೇನೋ?"

ಬಾಸ್ಟನ್ನಿಗೆ ಹಿಂತಿರುಗಿ ಲಂಗರು ಹಾಕಿದ ಮೇಲೆ ಕ್ಯಾಪ್ಟನ್ ಹಡಗಿನ ಚುಕ್ಕಾಣಿ ಕೋಣೆಯ ಹೊರಗೋಡೆಗೆ ಒಂದು ಸಬ್‌ಮರೀನಿನ ಚಿತ್ರ ಬರೆಸಿದ. ಬೇಟೆಯ ಗುರುತು. ಅದನ್ನು ಅನಾವರಣ ಮಾಡಲು ಹಡಗುಗಳ ಗುಂಪಿನ ಹಿರಿಯ ಕಮಾಂಡರನ್ನು ಊಟಕ್ಕೆ ಕರೆದ. ಸೆಲ್ಮರ್‌ನನ್ನು ಕರೆದು, ಸಬ್‌ಮರೀನಿನ ಆಕಾರದಲ್ಲಿ ದೊಡ್ಡ ಕೇಕು ಬೇಕು, ಮೇಲೆ 'ಓಡೆಗಾರ್ಡ್' ಎಂದು ಬರೆದಿರಬೇಕು ಎಂದು ಅಪ್ಪಣೆ ಮಾಡಿದ.

ಸೆಲ್ಮರ್ ಬೆಳಗಿನಿಂದ ಬಾಗಿಲು ಹಾಕಿಕೊಂಡು ಕೆಲಸ ಮಾಡಿದ. ಅಷ್ಟು ಶ್ರದ್ಧೆಯಿಂದ ಅವನು ಆ ಹಡಗಿನಲ್ಲಿ ಏನನ್ನೂ ಮಾಡಿರಲಿಲ್ಲ. ಸಂಜೆ ಇಬ್ಬರು ಹುಡುಗರು ಹಲಗೆ ಹೊತ್ತು ತಂದು ಮೇಜಿನ ಮೇಲಿಟ್ಟು ಬಟ್ಟೆ ಸರಿಸಿದರೆ, ಇದ್ದದ್ದು ಒಂದು ಕಾಡ್ ಮೀನು. ಹೊಟ್ಟೆ ಮೇಲಾಗಿ ಬಿದ್ದ ಮೀನು. ಸಕ್ಕರೆಪಾಕದ ಚಿಪ್ಪು, ಅರ್ಧ ತೆರೆದ ಬಾಯಿ, ಸತ್ತ ಕಣ್ಣು. ಅಪ್ಪಣೆಯಂತೆ ಹೊಟ್ಟೆಯ ಮೇಲೆ 'ಓಡೆಗಾರ್ಡ್' ಎಂದು ಚೆಂದವಾಗಿ ಬರೆದಿತ್ತು.

ಯಾರೋ ಒಬ್ಬ ಮೂಗಿನಲ್ಲಿ ಸದ್ದು ಮಾಡಿದ. ಅಷ್ಟೇ ಸಾಕಾಯಿತು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಹಿರಿಯ ಕಮಾಂಡರ್ ಮುಖ ಗಂಭೀರ ಮಾಡಿಕೊಂಡೇ, "ತಲೆ ಭಾಗ ನನಗಿರಲಿ" ಎಂದು ತಟ್ಟೆ ಚಾಚಿದ.

ಮರುದಿನ ವಿಚಾರಣೆ.

"ನಾನು ಮಾಡು ಅಂದದ್ದು ಸಬ್‌ಮರೀನು" ಎಂದ ವಾಡ್‌ಲೋ. ಅವನ ಕೆನ್ನೆ ಇನ್ನೂ ಕೆಂಪಾಗಿತ್ತು.

"ನಾನು ಕಂಡದ್ದನ್ನ ಮಾಡ್ದೆ ಸಾರ್."

"ನಿನ್ನಣ್ಣನ ಹೆಸರಿಗೆ ಮಸಿ ಬಳಿದೆ ನೀನು."

"ಮಸಿ ಅಲ್ಲ ಸಾರ್, ಚಾಕೊಲೇಟು."

ಮೂರು ದಿನ ಒಂಟಿ ಕೋಣೆ, ಬ್ರೆಡ್ಡು ಮತ್ತು ನೀರು. ಅಷ್ಟು ಸಣ್ಣ ಹಡಗಿನಲ್ಲಿ ಸೆರೆಮನೆ ಎಲ್ಲಿಂದ ಬರಬೇಕು? ಮೂತಿಯ ಕಡೆ, ಏಣಿ ಇಳಿದು ಹೋಗುವ ಬಣ್ಣದ ಡಬ್ಬಿಗಳ ಕೋಣೆಯನ್ನೇ ಅರ್ಧ ಖಾಲಿ ಮಾಡಿ ಅವನನ್ನು ಕೂಡಿದರು. ಬ್ರೆಡ್ಡು ಅವನೇ ಬೇಯಿಸಿಟ್ಟದ್ದು. ಗಿಡ್ರಿ ತಂದುಕೊಟ್ಟ ಮೊದಲ ತುಂಡಿನೊಳಗೆ ಹಂದಿಮಾಂಸದ ಒಂದು ದಪ್ಪ ಹೋಳು ಬಚ್ಚಿಟ್ಟುಕೊಂಡಿತ್ತು. ಸೆಲ್ಮರ್ ಡಬ್ಬಿಯೊಂದಕ್ಕೆ ಒರಗಿ ಅದನ್ನು ತಿಂದ. ಟರ್ಪೆಂಟೈನ್ ವಾಸನೆಗೆ ತಲೆ ಸುತ್ತುತ್ತಿದ್ದರೂ ಎಷ್ಟೋ ತಿಂಗಳ ನಂತರ ಹಾಯೆನಿಸಿತು. ಇಲ್ಲಿ ಯಾರೂ ಅವನಿಂದ ಓದಿಸುವುದಿಲ್ಲ.

ವಾಡ್‌ಲೋ ಸಿಟ್ಟಿನಲ್ಲಿ ಮರೆತದ್ದು ಒಂದಿತ್ತು. ಮರುದಿನ ಹನ್ನೊಂದು ಗಂಟೆಗೆ ಆರ್ವಿಡ್‌ನ ಭಾವಚಿತ್ರವನ್ನು ಹುಡುಗರ ಊಟದ ಕೋಣೆಯಲ್ಲಿ ತೂಗುಹಾಕುವ ಸಮಾರಂಭ. ಅದನ್ನು ಅವನೇ ತಿಂಗಳ ಹಿಂದೆ ಗೊತ್ತುಮಾಡಿದ್ದ. ಇಬ್ಬರು ಪತ್ರಿಕೆಯವರು, ಒಬ್ಬ ಫೋಟೊದವನು ಬರುವವರಿದ್ದರು. ವೀರಮಾತೆ ಮಿನೆಸೋಟಾದಿಂದ ರೈಲು ಹತ್ತಿಯಾಗಿತ್ತು.

ಬೆಳಿಗ್ಗೆ ಕ್ಯಾಪ್ಟನ್ನಿನ ಕೈಕೆಳಗಿನ ಅಧಿಕಾರಿ ಏಣಿ ಇಳಿದು ಬಂದು ಬಾಗಿಲು ತೆಗೆದ. "ಎದ್ದು ಬಾ. ಮುಖ ತೊಳ್ಕೊ, ಒಳ್ಳೆ ಬಟ್ಟೆ ಹಾಕ್ಕೊ. ಕ್ಯಾಪ್ಟನ್ ಕ್ಷಮಿಸಿದಾರೆ."

"ಮೂರು ದಿನ ಅಂದಿದ್ರು ಸಾರ್" ಎಂದ ಸೆಲ್ಮರ್, ಕುಳಿತಲ್ಲಿಂದ ಏಳದೆ.

"ಕ್ಷಮಿಸಿದಾರೆ ಅಂದೆನಲ್ಲ."

"ನಾನು ಕೇಳಿಲ್ವಲ್ಲ ಸಾರ್. ತಪ್ಪು ಮಾಡಿದೀನಿ, ಅನುಭವಿಸ್ತೀನಿ. ಕರ್ತವ್ಯದಿಂದ ಕದಲ್ಬಾರ್ದು ಅಂತ ಕ್ಯಾಪ್ಟನ್ನೇ ಓದ್ಸಿದಾರೆ."

ಅಧಿಕಾರಿ ಮೇಲೆ ಹೋದ, ಮತ್ತೆ ಬಂದ, ಗದರಿಸಿದ, ಕೊನೆಗೆ ಬೇಡಿಕೊಂಡ. ಅಷ್ಟರಲ್ಲಿ ರಾಗ್ನಾ ಓಡೆಗಾರ್ಡ್ ಹಡಗು ಹತ್ತಿಯಾಗಿತ್ತು. ಆರಡಿಗೆ ಎರಡು ಬೆರಳು ಕಮ್ಮಿ ಇರುವ ಹೆಂಗಸು. ಕರ್ಪೂರದ ವಾಸನೆ ಬಡಿಯುವ ಕಪ್ಪು ಕೋಟು, ಕೈಯಲ್ಲೊಂದು ಬುಟ್ಟಿ. ವಾಡ್‌ಲೋ ಅವಳ ಕೈ ಹಿಡಿದು ಕುಲುಕಿಯೇ ಕುಲುಕಿದ. ಅವಳು ತನ್ನ ಕೈಯನ್ನು ಕೆಚ್ಚಲಿನಿಂದ ಬಿಡಿಸಿಕೊಂಡಂತೆ ಬಿಡಿಸಿಕೊಂಡು, "ಸೆಲ್ಮರ್ ಎಲ್ಲಿ?" ಎಂದಳು.

"ಕೆಲಸದಲ್ಲಿದಾನೆ ಅಮ್ಮಾವ್ರೇ. ಮೊದಲು ಒಂದು ಕಪ್ ಕಾಫಿ..."

"ನಾನು ಹೆತ್ತದ್ದು ಇಬ್ಬರನ್ನ ಸ್ವಾಮಿ. ಒಬ್ಬ ಎಲ್ಲಿದಾನೆ ಅಂತ ಗೊತ್ತು. ಇನ್ನೊಬ್ಬ ಎಲ್ಲಿ?"

ವಾಡ್‌ಲೋ ಸಮುದ್ರ, ಶಿಸ್ತು, ಯುವಕರ ಬಿಸಿರಕ್ತ ಎಂದು ಏನೇನೋ ಪೋಣಿಸತೊಡಗಿದ. ಕಾಫಿ ತಂದಿದ್ದ ಗಿಡ್ರಿ ತಟ್ಟೆ ಇಟ್ಟು, "ಮೀನಿನ ಕೇಕು ಮಾಡಿದ ಅಂತ ಮೂರು ದಿನ ಬರೀ ಬ್ರೆಡ್ಡು ನೀರು ಕೊಟ್ಟು ಬಣ್ಣದ ಕೋಣೇಲಿ ಹಾಕಿದಾರಮ್ಮ. ಈ ಕಡೆ ಬನ್ನಿ. ಏಣಿ ಕಡಿದಾಗಿದೆ, ನಿಧಾನ" ಎಂದ.

ರಾಗ್ನಾ ಕೋಟಿನ ಅಂಚು ಎತ್ತಿ ಹಿಡಿದು, ಹುಲ್ಲಟ್ಟದ ಏಣಿ ಇಳಿದು ರೂಢಿಯಾದ ಕಾಲಿನಲ್ಲಿ ಸರಸರ ಇಳಿದಳು. ಬುಟ್ಟಿಯನ್ನು ಮೇಲೆಯೇ ಗಿಡ್ರಿಯ ಕೈಗೆ ಕೊಟ್ಟಿದ್ದಳು. "ಆಲೂಗಡ್ಡೆ ರೊಟ್ಟಿ ಇದೆ ಅದ್ರಲ್ಲಿ. ಬ್ರೆಡ್ಡು ನೀರು ಅಂದ್ಮೇಲೆ ಅವನಿಗಿಲ್ಲ. ನೀವು ತಿನ್ನಿ."

ಬಾಗಿಲಲ್ಲಿ ಅಮ್ಮನನ್ನು ಕಂಡು ಸೆಲ್ಮರ್ ಧಡಕ್ಕನೆ ಏಳಲು ಹೋದ.

"ಏಳ್ಬೇಡ, ತಲೆ ಹೊಡೀತದೆ" ಎಂದು ಅವಳು ಎದುರಿನ ಬಣ್ಣದ ಡಬ್ಬಿಯ ಮೇಲೆ ಕುಳಿತಳು. ಹಾಲು ಕರೆಯುವ ಮಣೆಯ ಮೇಲೆ ಕೂತಂತೆ, ಮೊಣಕಾಲು ಅಗಲಿಸಿ. "ಚಿಪ್ಪು ಹೆಂಗೆ ಮಾಡಿದೆ?"

"ಯಾವ ಚಿಪ್ಪು?"

"ಮೀನಿಂದು."

"ಚಮಚದ ತುದೀಲಿ ಒತ್ತಿದೆ."

"ಹೂಂ" ಎಂದಳು. ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. "ಕಾಗದ ಯಾಕೆ ಬರೀಲಿಲ್ಲ?"

ಸೆಲ್ಮರ್ ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದು ಆಗ ಹೊರಬಂತು. "ಏನಂತ ಬರೀಲಿ? ಅವನ ಗೋರಿಗೆ ದೀಪ ಹಚ್ಚೋಕೆ ತಂದು ಬಿಟ್ಟಿದೀಯಲ್ಲ ನನ್ನ, ಎಣ್ಣೆ ಕಮ್ಮಿ ಆಗಿದೆ ಅಂತ ಬರೀಲಾ? ಬದುಕಿದ್ದಾಗ ಅವನ ಪಾಲಿನ ಹಸು ಕರ್ದೆ. ಈಗ ಅವನ ಪಾಲಿನ ಹೊಗಳಿಕೆ ಓದ್ತಾ ಇದೀನಿ. ಕದಲದೆ ನಿಂತನಂತೆ. ಆರ್ವಿಡ್! ಅವನು ಯಾವತ್ತಾದ್ರೂ ಒಂದು ಕೆಲಸ ಮುಗಿಸಿದ್ದು ನೀನು ನೋಡಿದೀಯಾ ಅಮ್ಮ?"

"ಇಲ್ಲ" ಎಂದಳು ರಾಗ್ನಾ.

ಸೆಲ್ಮರ್ ಇದನ್ನು ನಿರೀಕ್ಷಿಸಿರಲಿಲ್ಲ.

"ಸೋಮಾರಿ. ನಂಗೊತ್ತಿಲ್ಲ ಅನ್ಕೊಂಡ್ಯಾ? ಕರು ಮಾರಿದ್ದೂ ಗೊತ್ತು, ಬೂಟು ತಗೊಂಡದ್ದೂ ಗೊತ್ತು. ಚಕ್ರ ತಿರುಗಿಸಿದ್ದು ಯಾರು ನೋಡಿದ್ರು ಅಂತ ಮನೆಗೆ ಬಂದ ಅಧಿಕಾರೀನ ಕೇಳ್ದೆ. ಹತ್ತಿರ ಇದ್ದೋರು ಯಾರೂ ಉಳಿದಿಲ್ಲ ಅಂದ. ಹಂಗಾದ್ರೆ ಹೇಳಿದ್ದು ಯಾರು ಅಂದೆ. ಅವನು ಟೋಪಿ ನೋಡ್ಕೊಂಡ. ನಿಂತನೋ, ಬಾಗಿಲು ತೆಗೀಲಿಕ್ಕೆ ಬರದೆ ಸಿಕ್ಕಾಕ್ಕೊಂಡನೋ, ಯಾರಿಗೆ ಗೊತ್ತು? ನಿಂಗೂ ಗೊತ್ತಿಲ್ಲ. ಮಣ್ಣು ಮಾಡೋಕೆ ಹೆಣ ಕೊಡ್ಲಿಲ್ಲ ಅವರು. ಹಡಗು ಕೊಟ್ರು. ಬೇಡ ಅನ್ನೋಕಾಗತ್ತಾ? ತಗೊಂಡೆ."

"ನನ್ನನ್ನ ಯಾಕೆ ಇದ್ರೊಳಗೆ ಹಾಕಿಸ್ದೆ?"

"ನಾನಾ?" ರಾಗ್ನಾಳ ತುಟಿ ಒಂದು ಕಡೆಗೆ ಸೊಟ್ಟಗಾಯಿತು. "ಅದೇ ಅಧಿಕಾರಿ ಹೊರಡೋವಾಗ, ತಾಯೀ ನಿಮಗೋಸ್ಕರ ನಾವು ಏನ್ ಮಾಡ್ಬೋದು ಅಂದ. ಇನ್ನೊಬ್ಬನ್ನ ಮನೆಗೆ ಕಳಿಸಿ, ಮೂವತ್ತು ಹಸು ಇದೆ, ನನಗೆ ಕೈ ಸಾಲಲ್ಲ ಅಂದೆ. ನೋಡ್ತೀನಿ ಅಂದ. ತಿಂಗಳಾದ್ಮೇಲೆ ಫೋನು. ಮನೆಗೆ ಕಳ್ಸೋಕೆ ಬರಲ್ಲ, ಆದ್ರೆ ಅದಕ್ಕಿಂತ ದೊಡ್ಡದು ಮಾಡಿದೀವಿ, ಅಣ್ಣನ ಹಡಗಿಗೇ ಹಾಕಿದೀವಿ ಅಂತ. ಹಬ್ಬದ ಉಡುಗೊರೆ ತಂದೋನ ಹಂಗೆ ಬೀಗ್ತಿದ್ದ. ಥ್ಯಾಂಕ್ಸ್ ಅಂದೆ. ಏನಂತ ಅನ್ಲಿ ಅಂಥ ಪೆದ್ದನಿಗೆ?"

ಮೇಲೆ ಡೆಕ್ಕಿನ ಮೇಲೆ ಬೂಟುಗಳು ಆಚೀಚೆ ಓಡಾಡುತ್ತಿದ್ದವು. ವಾಡ್‌ಲೋ ಪತ್ರಿಕೆಯವರಿಗೆ ಏನೋ ಹೇಳಿ ತಾನೇ ನಗುತ್ತಿದ್ದದ್ದು ಕೇಳಿಸುತ್ತಿತ್ತು. ಸೆಲ್ಮರ್ ಬ್ರೆಡ್ಡಿನ ತುಂಡನ್ನು ಬೆರಳಿನಲ್ಲಿ ಉಂಡೆ ಮಾಡುತ್ತ ಕುಳಿತ. ಒಂದು ವರ್ಷ ಅವನು ಈ ಹೆಂಗಸಿನ ಮೇಲೆ ಹಲ್ಲು ಕಡಿದಿದ್ದ.

"ಆ ಕ್ಯಾಪ್ಟನ್‌ನ ಆಡ್ಕೊ, ಬೇಡ ಅನ್ನಲ್ಲ" ಎಂದಳು ಅಮ್ಮ. "ಆಡ್ಕೊಳೋಕೇ ಹುಟ್ಟಿದಾನೆ. ಆದ್ರೆ ನೀನು ಇಲ್ಲಿ ಸುಖವಾಗಿ ಕೂತಿದೀಯಲ್ಲ, ಅದನ್ನ ನೋಡಿದೆ. ದೊಡ್ಡ ದೊಡ್ಡ ಆಫೀಸರ್ಗಳು ಇಳಿದು ಬಂದು ಏಳಪ್ಪಾ, ಏಳಪ್ಪಾ ಅಂತಿದಾರೆ. ನಾನೂ ಇಳಿದು ಬಂದೆ. ಆರ್ವಿಡ್‌ಗೂ ಇದೇ ಅಭ್ಯಾಸ ಇತ್ತು. ಕಾಫಿ ಮೇಲೆ ಹೋಗ್ಬೇಕಿತ್ತು ಅವನಿಗೆ."

ಸೆಲ್ಮರ್‌ನ ಮುಖಕ್ಕೆ ರಕ್ತ ನುಗ್ಗಿತು. ಅಣ್ಣನಿಗಿಂತ ಹೆಚ್ಚಿನವನು ಎಂದು ಯಾರಾದರೂ ಹೇಳಲಿ ಎಂದು ಅವನು ಜೀವಮಾನವಿಡೀ ಕಾದಿದ್ದ. ಅಣ್ಣನ ಹಾಗೇ ಇದ್ದೀಯೆ ಎಂದು ಹೇಳಿಸಿಕೊಳ್ಳಲು ಬಾಸ್ಟನ್ ಬಂದರಿನ ಒಂದು ಗೂಡಿನವರೆಗೆ ಬರಬೇಕಾಯಿತು, ಅದೂ ಹೆತ್ತವಳ ಬಾಯಲ್ಲಿ.

"ಸರಿ, ಬರ್ತೀನಿ ನಡಿ" ಎಂದ ಒರಟಾಗಿ.

"ನನಗೋಸ್ಕರ ಬೇಡ. ಆ ಮನುಷ್ಯನ ಭಾಷಣ ಒಬ್ಬಳೇ ಕೇಳೋಕಾಗಲ್ಲ, ಅದಕ್ಕೆ ಬಾ."

ಊಟದ ಕೋಣೆಯಲ್ಲಿ ಹುಡುಗರು ಸಾಲಾಗಿ ನಿಂತಿದ್ದರು. ಸೆಲ್ಮರ್ ಬಣ್ಣ ಮೆತ್ತಿದ ಕೆಲಸದ ಬಟ್ಟೆಯಲ್ಲೇ ಬಂದು ಅಮ್ಮನ ಪಕ್ಕ ನಿಂತ. ವಾಡ್‌ಲೋ ಅರ್ಧ ಗಂಟೆ ಮಾತಾಡಿದ. ತ್ಯಾಗ ಬಂತು, ತಾಯ್ನೆಲ ಬಂತು, ಎಣ್ಣೆಯ ಗುರುತು ಬಂತು. ಪರದೆ ಸರಿಸಿದ. ಆರ್ವಿಡ್ ಅವನ ಆ ನಗು ನಗುತ್ತಿದ್ದ. ಚಿತ್ರ ತಿದ್ದಿದವನು ಕೆನ್ನೆಗೆ ಗುಲಾಬಿ ಬಣ್ಣ ಹಚ್ಚಿ ಕಿವಿ ಎರಡನ್ನೂ ತಲೆಗೆ ಅಂಟಿಸಿದ್ದ.

"ವೀರಮಾತೆ ಎರಡು ಮಾತಾಡಬೇಕು" ಎಂದ ವಾಡ್‌ಲೋ. ಫೋಟೊದವನು ಮುಂದೆ ಬಂದ.

ರಾಗ್ನಾ ಚಿತ್ರವನ್ನು ನೋಡಿದಳು. "ಇವನ ಎಡಗಿವಿ ಹೊರಗೆ ಚಾಚ್ಕೊಂಡಿತ್ತು. ಸರಿ ಮಾಡಿಬಿಟ್ಟಿದಾರೆ. ಮಾಡ್ಬಾರ್ದಿತ್ತು." ಹುಡುಗರ ಕಡೆ ತಿರುಗಿದಳು. "ಊಟ ಸರಿಯಾಗಿ ಮಾಡಿ. ಮುಳುಗ್ಬೇಡಿ. ಅಷ್ಟೇ."

ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ವಾಡ್‌ಲೋ ಜೋರಾಗಿ ತಟ್ಟಿ, ಸೆಲ್ಮರ್‌ನ ಹೆಗಲ ಮೇಲೆ ಕೈ ಹಾಕಿ, ಪತ್ರಿಕೆಯವರಿಗೆ ಕೇಳುವಂತೆ ಹೇಳಿದ: "ಇಂಥ ತಾಯಿಯ ಗೌರವಕ್ಕಾಗಿ ಈ ಹುಡುಗನ ಉಳಿದ ಶಿಕ್ಷೆ ಇವತ್ತಿಗೆ ಮಾಫಿ."

"ಬೇಡ" ಎಂದಳು ರಾಗ್ನಾ.

"ಏನಂದ್ರಿ ಅಮ್ಮಾವ್ರೇ?"

"ಇನ್ನೂ ಎರಡು ದಿನ ಬಾಕಿ ಇದೆಯಂತಲ್ಲ, ಮುಗಿಸ್ಲಿ. ಅರ್ಧ ಕರೆದು ಎದ್ದು ಬರೋನು ನಮ್ಮನೇಲಿ ಒಬ್ಬನೇ ಸಾಕು."

ಪತ್ರಿಕೆಯವನೊಬ್ಬ ಪೆನ್ಸಿಲು ಎತ್ತಿದ್ದವನು ಹಾಗೇ ಕೆಳಗಿಳಿಸಿದ. ವಾಡ್‌ಲೋನ ಕೈ ಸೆಲ್ಮರ್‌ನ ಹೆಗಲಿನಿಂದ ತಾನಾಗಿ ಜಾರಿತು. ಸೆಲ್ಮರ್ ಅಮ್ಮನಿಗೆ ತಲೆಯಾಡಿಸಿ, ಯಾರಾದರೂ ಕರೆದೊಯ್ಯುವ ಮುಂಚೆ ತಾನೇ ನಡೆದು, ಏಣಿ ಇಳಿದು, ಬಾಗಿಲು ಎಳೆದುಕೊಂಡ. ಮಧ್ಯಾಹ್ನ ಗಿಡ್ರಿ ಮಾಂಸ ಬಚ್ಚಿಟ್ಟ ಬ್ರೆಡ್ಡು ತಂದರೆ, ಮಾಂಸವನ್ನು ಬೇರೆ ಮಾಡಿ ಹಿಂದೆ ಕೊಟ್ಟ.

"ನಿಮ್ಮಮ್ಮ ಭಾರೀ ಹೆಂಗಸಪ್ಪಾ" ಎಂದ ಗಿಡ್ರಿ, ಆ ಹೋಳನ್ನು ತನ್ನ ಬಾಯಿಗೆ ಹಾಕಿಕೊಂಡು. "ಆ ಕ್ಯಾಪ್ಟನ್ ಮೂರು ಸಲ ಹಣೆ ಒರೆಸ್ಕೊಂಡ, ಅವಳು ಹೋದ್ಮೇಲೆ."

ವಾಡ್‌ಲೋ ಮತ್ತೆ ಎಂದೂ ಸೆಲ್ಮರ್‌ನಿಂದ ಬಿನ್ನವತ್ತಳೆ ಓದಿಸಲಿಲ್ಲ. ತಾನೇ ಓದತೊಡಗಿದ, ಗದ್ಗದ ಸ್ವರದಲ್ಲಿ, ಸೆಲ್ಮರ್‌ಗಿಂತ ಎಷ್ಟೋ ಚೆನ್ನಾಗಿ. ಗೋಡೆಯ ಸಬ್‌ಮರೀನು ಉಪ್ಪುಗಾಳಿಗೆ ಸಿಪ್ಪೆಯೆದ್ದಂತೆಲ್ಲ ಮತ್ತೆ ಮತ್ತೆ ಬಣ್ಣ ಹೊಡೆಸಿದ. ಯುದ್ಧ ಮುಗಿದ ಮೇಲೆ ಜರ್ಮನರ ದಾಖಲೆ ತೆಗೆದು ನೋಡಿದವರು, ಆ ದಿನ ಆ ಜಾಗದಲ್ಲಿ ಅವರದು ಯಾವುದೂ ಮುಳುಗಿಲ್ಲ ಎಂದರು. ಆ ಹೊತ್ತಿಗೆ ವಾಡ್‌ಲೋ ಚುನಾವಣೆ ಗೆದ್ದಾಗಿತ್ತು. ಗೆಲ್ಲದೆ ಏನು.

ಆದರೆ ಅದಕ್ಕೂ ಮೊದಲು, ಆ ವರ್ಷದ ಬೇಸಿಗೆಯ ಕೊನೆಗೆ, ಮತ್ತೊಂದು ದಂಡಿನ ಮತ್ತೊಂದು ಹಡಗು ಮುಳುಗಿತು. ಈ ಸಲ ಬೇಟೆಗೆ ಹೋಗುವ ಸರದಿ ಬೇರೆಯವರದು. ಜನರನ್ನು ಎತ್ತುವ ಕೆಲಸ ಓ‌ಡೆಗಾರ್ಡ್‌ಗೆ ಬಂತು. ಬೆಳಗಿನ ಹೊತ್ತು. ಇಂಜಿನ್ನಿನ ಕಪ್ಪೆಣ್ಣೆ ನೀರಿನ ಮೇಲೆ ಕಂಬಳಿಯಂತೆ ಹಾಸಿತ್ತು. ಡೆಕ್ಕಿನ ಅಂಚಿನಿಂದ ಇಳಿಬಿಟ್ಟ ಹಗ್ಗದ ಬಲೆಯ ಮೇಲೆ ಸೆಲ್ಮರ್ ಸೊಂಟದವರೆಗೆ ನೀರಿನಲ್ಲಿ ನೇತಾಡಿ, ಕೈಗೆ ಸಿಕ್ಕಿದ ಕಾಲರು, ತೋಳು, ಕೂದಲು ಹಿಡಿದು ಎಳೆದ. ಎಣ್ಣೆಯಲ್ಲಿ ಅದ್ದಿದ ಮನುಷ್ಯರು ಜಾರುತ್ತಿದ್ದರು. ಒಬ್ಬ ಅವನ ಕೈಯಿಂದ ಎರಡು ಸಲ ಜಾರಿದ. ಮೂರನೇ ಸಲ ಬೆಲ್ಟು ಸಿಕ್ಕಿತು. ಅವನನ್ನು ಗೋಣಿಚೀಲದಂತೆ ಡೆಕ್ಕಿಗೆ ಎಸೆದು ತಾನೂ ಪಕ್ಕದಲ್ಲಿ ಬಿದ್ದ.

ಆ ಮನುಷ್ಯ ಬಹಳ ಹೊತ್ತು ಕೆಮ್ಮಿ, ಎಣ್ಣೆ ಕಾರಿ, ಕಣ್ಣು ಬಿಟ್ಟ. ಮುಖದಲ್ಲಿ ಕಾಣುತ್ತಿದ್ದುದು ಕಣ್ಣೆರಡೇ. "ಯಾವ ಹಡಗು ಮಾರಾಯಾ ಇದು?"

"ಓಡೆಗಾರ್ಡ್."

"ಯಾರವನು?"

ಸೆಲ್ಮರ್ ತನ್ನ ಅಂಗಿಯ ಒಣ ತುದಿಯಿಂದ ಆ ಮುಖ ಒರೆಸುತ್ತಿದ್ದ. ಕೈ ನಿಲ್ಲಿಸಲಿಲ್ಲ. "ನಮ್ಮಣ್ಣ."

"ಹೌದಾ?" ಆ ಮನುಷ್ಯನ ಹಲ್ಲು ಚಳಿಗೆ ಕಟಕಟಿಸುತ್ತಿತ್ತು. "ಒಳ್ಳೆಯೋನಾಗಿದ್ನಾ?"

"ಅಂಥಾದ್ದೇನಿಲ್ಲ" ಎಂದ ಸೆಲ್ಮರ್. ಆ ಮುಖದ ಎಣ್ಣೆ ಇನ್ನಷ್ಟು ಒರೆಸಿ, "ಹಾಡು ಚೆನ್ನಾಗಿ ಹೇಳ್ತಿದ್ದ" ಎಂದ.

ಆ ಮನುಷ್ಯ ಅದನ್ನು ಒಪ್ಪಿಕೊಂಡವನಂತೆ ತಲೆಯಾಡಿಸಿ ಒಂದು ಸಿಗರೇಟು ಕೇಳಿದ. ಸೆಲ್ಮರ್ ಅವನನ್ನು ಕೆಳಗೆ ಕರೆದೊಯ್ದು, ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ತನ್ನ ಹಾಸಿಗೆಯಲ್ಲೇ ಮಲಗಿಸಿ, ತನ್ನದೊಂದು ಒಳ್ಳೆಯ ಪ್ಯಾಂಟು ಕೊಟ್ಟ. ಬಂದರು ಬಂದ ದಿನ ಆ ಮನುಷ್ಯ ಅದೇ ಪ್ಯಾಂಟಿನಲ್ಲಿ ಹಲಗೆ ದಾಟಿ ಇಳಿದು, ಯಾರಿಗೂ ಏನೂ ಹೇಳದೆ, ಹಡಗಿನ ಕಡೆ ತಿರುಗಿಯೂ ನೋಡದೆ, ಮೊದಲು ಕಂಡ ಹೆಂಡದಂಗಡಿಗೆ ನುಗ್ಗಿದ. ಸೆಲ್ಮರ್ ಕಟಕಟೆಗೆ ಒರಗಿ ಅದನ್ನು ನೋಡಿದ. ಆಮೇಲೆ ಒಳಗೆ ಹೋಗಿ ಸಂಜೆಯ ಬ್ರೆಡ್ಡಿಗೆ ಹಿಟ್ಟು ಕಲಸಲು ಕುಳಿತ.